ಗೇಮ್‌ನಲ್ಲಿ ಕೇಳಿದ ಒಂದು ಹಾಡಿನಿಂದ ಮೆಚ್ಚಿನ ರಾಕ್ ಬ್ಯಾಂಡ್‌ವರೆಗೆ: ಹಂತ ಹಂತವಾಗಿ

"ರೋಡ್ ರ‍್ಯಾಶ್ ಮೆನುವಿನಲ್ಲಿ ಬರುತ್ತಿದ್ದ ಆ ಹಾಡು ಯಾರದು?" "ವೈಸ್ ಸಿಟಿಯಲ್ಲಿ ಕಾರು ಹತ್ತಿದ ಕೂಡಲೇ ಒಂದು ಗಿಟಾರ್ ಹಾಡು ಶುರುವಾಗುತ್ತಿತ್ತಲ್ಲ, ಅಂಥದ್ದು ಇನ್ನೇನಿದೆ?" "ಹಾಡು ಸಿಕ್ಕಿತು, ಆದರೆ ಆ ಬ್ಯಾಂಡ್‌ನ ಬೇರೆ ಯಾವ ಹಾಡೂ ಹಿಡಿಸಲಿಲ್ಲ. ಯಾಕೆ?" ಈ ಮೂರು ಪ್ರಶ್ನೆಗಳು ಓದುಗರಿಂದ ಮತ್ತೆ ಮತ್ತೆ ಬರುತ್ತವೆ. (ರೋಡ್ ರ‍್ಯಾಶ್ ಅಂದರೆ ಬೈಕ್ ರೇಸಿನ ಗೇಮ್, ವೈಸ್ ಸಿಟಿ ಅಂದರೆ ಜಿಟಿಎ, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೊ, ಸರಣಿಯ ಒಂದು ಗೇಮ್.) ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಜನರಿಗೆ ರಾಕ್ ಸಂಗೀತ ಬಂದದ್ದು ಇದೇ ದಾರಿಯಲ್ಲಿ. ಮನೆಯ ರೇಡಿಯೊದಲ್ಲಿ ರಾಜ್‌ಕುಮಾರ್ ಹಾಡು, ಭಾವಗೀತೆ. ರಸ್ತೆ ಕೊನೆಯ ಸೈಬರ್ ಕೆಫೆಯಲ್ಲಿ ಒಂದು ಗಂಟೆಗೆ ದುಡ್ಡು ಕೊಟ್ಟು ಕೂತರೆ ಹೆಡ್‌ಫೋನ್ ತುಂಬ ಸೌಂಡ್‌ಗಾರ್ಡನ್. ಅದು ಯಾವ ಬ್ಯಾಂಡ್, ಯಾವ ಊರು ಅಂತ ಹೇಳುವವರು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಈಗ ಹೇಳಲು ನೂರು ದಾರಿಗಳಿವೆ. ಆದರೂ ಜನ ಹಾಡಿನ ಹೆಸರು ಸಿಕ್ಕಿದ ಕೂಡಲೇ ನಿಂತುಬಿಡುತ್ತಾರೆ. ಹೆಸರು ಹುಡುಕುವುದು ಐದು ನಿಮಿಷದ ಕೆಲಸ. ಆ ಹಾಡನ್ನು ಆಟದಿಂದ ಬಿಡಿಸಿ ಕೇಳುವುದು, ಅದು ಬಂದ ಆಲ್ಬಂ ಪೂರ್ತಿ ಕೇಳುವುದು, ಇವೆರಡನ್ನೂ ಮಾಡಿದಾಗಲೇ ಬ್ಯಾಂಡ್ ನಿಮ್ಮದಾಗುತ್ತದೆ. ಹಾಗಾಗಿ ಕೆಳಗಿನ 4 ಮತ್ತು 5ನೇ ಹಂತಗಳನ್ನು ದಯವಿಟ್ಟು ಹಾರಿಸಬೇಡಿ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಫೋನ್, ಕಿವಿಗೆ ಸರಿಯಾಗಿ ಕೂರುವ ಒಂದು ಇಯರ್‌ಫೋನ್, ಹಾಡು ಕೇಳುವ ಯಾವುದಾದರೂ ಒಂದು ಆ್ಯಪ್. ವೈರ್ ಇರುವ ಸಾಮಾನ್ಯ ಇಯರ್‌ಫೋನ್ ಧಾರಾಳವಾಗಿ ಸಾಕು. ಫೋನಿನ ಸ್ಪೀಕರ್ ಮಾತ್ರ ಬೇಡ. ಅದರಲ್ಲಿ ಬೇಸ್ ಗಿಟಾರ್ (ತಗ್ಗು ಸ್ವರ ನುಡಿಸುವ ಗಿಟಾರ್) ಕೇಳಿಸುವುದೇ ಇಲ್ಲ, ರಾಕ್ ಹಾಡಿನ ಅರ್ಧ ತೂಕ ಇರುವುದು ಅಲ್ಲೇ. ಕೆಲವು ಆ್ಯಪ್‌ಗಳ ಉಚಿತ ಆವೃತ್ತಿಯಲ್ಲಿ ಹಾಡುಗಳು ಕ್ರಮ ತಪ್ಪಿ ಬರುತ್ತವೆ. 'ಶಫಲ್' ಅನ್ನುವ ಬಟನ್ ಆಫ್ ಮಾಡಿ. ಆಗದಿದ್ದರೆ ಯೂಟ್ಯೂಬ್‌ನಲ್ಲಿ ಬ್ಯಾಂಡ್‌ನ ಅಧಿಕೃತ ಚಾನೆಲ್‌ಗೆ ಹೋಗಿ. ಹೆಚ್ಚಿನ ಬ್ಯಾಂಡ್‌ಗಳ ಆಲ್ಬಂಗಳು ಅಲ್ಲಿ ಕ್ರಮವಾಗಿಯೇ ಇರುತ್ತವೆ.

ಆಟ ಇನ್ನೂ ನಿಮ್ಮ ಹತ್ತಿರ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ.

1. ಯಾವ ಆಟ, ಯಾವ ವರ್ಷದ್ದು ಅಂತ ಖಚಿತ ಮಾಡಿಕೊಳ್ಳಿ

ಸುಮ್ನೆ "ಮೋಸ್ಟ್ ವಾಂಟೆಡ್" ಅಂದರೆ ಸಾಲದು. ನೀಡ್ ಫಾರ್ ಸ್ಪೀಡ್ ಸರಣಿಯಲ್ಲಿ ಆ ಹೆಸರಿನ ಆಟ ಎರಡಿವೆ, 2005ರದ್ದು ಮತ್ತು 2012ರದ್ದು. ಎರಡರ ಹಾಡುಗಳೂ ಬೇರೆ. ಅವೆಂಜ್ಡ್ ಸೆವೆನ್‌ಫೋಲ್ಡ್, ಬುಲೆಟ್ ಫಾರ್ ಮೈ ವ್ಯಾಲೆಂಟೈನ್, ಡಿಸ್ಟರ್ಬ್ಡ್, ಮ್ಯಾಸ್ಟೊಡಾನ್ ಬ್ಯಾಂಡ್‌ಗಳ ಹಾಡುಗಳು ಇರುವುದು 2005ರದ್ದರಲ್ಲಿ. ರೋಡ್ ರ‍್ಯಾಶ್ ಕಥೆಯೂ ಹಾಗೇ. 1991ರ ಮೊದಲ ಆಟದಲ್ಲಿ ಬ್ಯಾಂಡ್‌ಗಳ ಹಾಡುಗಳೇ ಇಲ್ಲ. ನಮ್ಮಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ಆಡಿದ, ಸೌಂಡ್‌ಗಾರ್ಡನ್, ಥೆರಪಿ?, ಸ್ವರ್ವ್‌ಡ್ರೈವರ್, ಮಾನ್‌ಸ್ಟರ್ ಮ್ಯಾಗ್ನೆಟ್ ಹಾಡುಗಳಿರುವ ಆಟ ಮೊದಲು ಬಂದದ್ದು 1994ರಲ್ಲಿ, 3ಡಿಒ ಅನ್ನುವ ಗೇಮ್ ಆಡುವ ಯಂತ್ರಕ್ಕೆ. ಕಂಪ್ಯೂಟರಿಗೆ ಬಂದದ್ದು ಅದಾದ ಮೇಲೆ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ನೆನಪಿನ ಹಾಡು ಈಗ ನೀವು ಇಳಿಸಿಕೊಂಡ ಅದೇ ಆಟದಲ್ಲಿ ಇಲ್ಲದೆ ಹೋಗಬಹುದು. ಗೇಮ್ ಕಂಪನಿಗಳು ಹಾಡನ್ನು ಕೊಂಡುಕೊಳ್ಳುವುದಿಲ್ಲ, ಇಷ್ಟು ವರ್ಷಕ್ಕೆ ಅಂತ ಬಳಸುವ ಹಕ್ಕು ಮಾತ್ರ ಪಡೆಯುತ್ತವೆ. ಇದಕ್ಕೇ ಲೈಸೆನ್ಸ್ ಅನ್ನುವುದು. ಅವಧಿ ಮುಗಿದರೆ ಹಾಡು ತೆಗೆಯಬೇಕು. ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್ 2004ರಲ್ಲಿ ಬಂತು. 2014ರ ಹೊತ್ತಿಗೆ ಅದರ ಹೊಸ ಪ್ರತಿಗಳಿಂದ ರೇಜ್ ಅಗೇನ್‌ಸ್ಟ್ ದ ಮಷೀನ್ ಬ್ಯಾಂಡ್‌ನ 'ಕಿಲ್ಲಿಂಗ್ ಇನ್ ದ ನೇಮ್' ಸೇರಿ ಹಲವು ಹಾಡುಗಳು ಹೋದವು. ಜಿಟಿಎ 4ಕ್ಕೂ 2018ರಲ್ಲಿ ಇದೇ ಆಯಿತು. ಆದ್ದರಿಂದ "ನಾನು ಕೇಳಿದ್ದೆ, ಈಗ ಇಲ್ಲ" ಅಂತ ಅನಿಸಿದರೆ ನಿಮ್ಮ ನೆನಪನ್ನು ಅನುಮಾನಿಸಬೇಡಿ. ಹಳೆಯ ಆಟದ ಹಾಡುಗಳ ಪಟ್ಟಿ ಹುಡುಕಿ.

ಇದರ ತಿರುಗುಮುರುಗೂ ಉಂಟು. ಆಗ ಕೈಯಿಂದ ಕೈಗೆ ಓಡಾಡುತ್ತಿದ್ದ 'ರಿಪ್' ಕಾಪಿಗಳಲ್ಲಿ ಜಾಗ ಉಳಿಸಲೆಂದು ಹಾಡು, ವಿಡಿಯೊ ಎಲ್ಲ ಕಿತ್ತುಹಾಕಿರುತ್ತಿದ್ದರು. ನೀವು ಅಂಥ ಸಿಡಿಯಲ್ಲಿ ಆಡಿದ್ದರೆ ಆ ಆಟದ ಒಳ್ಳೆಯ ಹಾಡುಗಳನ್ನು ಕೇಳಿಯೇ ಇರಲಿಕ್ಕಿಲ್ಲ. ಪಟ್ಟಿ ತೆಗೆದು ಈಗ ಕೇಳಿ, ಏನೂ ತಡವಾಗಿಲ್ಲ.

2. ಹಾಡಿನ ಹೆಸರು ಹಿಡಿಯಿರಿ

ಮೊದಲು ಆಟದ ಒಳಗೇ ನೋಡಿ. ಇಎ ಕಂಪನಿಯ ರೇಸಿಂಗ್ ಮತ್ತು ಫುಟ್‌ಬಾಲ್ ಆಟಗಳಲ್ಲಿ ಹಾಡು ಶುರುವಾದಾಗ ಪರದೆಯ ಮೂಲೆಯಲ್ಲಿ ಹಾಡಿನ ಹೆಸರು, ಬ್ಯಾಂಡ್ ಹೆಸರು ಬಂದು ಹೋಗುತ್ತದೆ. ಆಡುವ ಭರದಲ್ಲಿ ಯಾರೂ ಓದುವುದಿಲ್ಲ, ಅಷ್ಟೆ. ಆಡಿಯೊ ಸೆಟ್ಟಿಂಗ್‌ಗೆ ಹೋದರೆ 'ಇಎ ಟ್ರ್ಯಾಕ್ಸ್' ಅಂತ ಪೂರ್ತಿ ಪಟ್ಟಿಯೇ ಇರುತ್ತದೆ. ಹಳೆಯ ಜಿಟಿಎ ಆಟಗಳು ರೇಡಿಯೊ ಸ್ಟೇಷನ್ ಹೆಸರು ಮಾತ್ರ ತೋರಿಸುತ್ತವೆ. ಆದರೂ ಪರವಾಗಿಲ್ಲ. ವೈಸ್ ಸಿಟಿಯಲ್ಲಿ ಹೆವಿ ಮೆಟಲ್, ಅಂದರೆ ಭಾರವಾದ ಗದ್ದಲದ ಬಗೆಯ ರಾಕ್, ಬರುವುದು ವಿ-ರಾಕ್ ಸ್ಟೇಷನ್‌ನಲ್ಲಿ. ಸ್ಯಾನ್ ಆ್ಯಂಡ್ರಿಯಾಸ್‌ನಲ್ಲಿ 90ರ ದಶಕದ ರಾಕ್‌ಗೆ ರೇಡಿಯೊ ಎಕ್ಸ್, ಅದಕ್ಕಿಂತ ಹಳೆಯದಕ್ಕೆ ಕೆ-ಡಿಎಸ್‌ಟಿ. ಸ್ಟೇಷನ್ ಗೊತ್ತಾದರೆ ಹುಡುಕಬೇಕಾದದ್ದು ಒಂದು ಚಿಕ್ಕ ಪಟ್ಟಿ ಮಾತ್ರ. ಹಾಗೇ, ಕೆ-ಡಿಎಸ್‌ಟಿಯಲ್ಲಿ ಮಾತಾಡುವ ಡಿಜೆಯ ದನಿ ಗನ್ಸ್ ಎನ್ ರೋಸಸ್‌ನ ಆ್ಯಕ್ಸಲ್ ರೋಸ್ ಅವರದು. ಅದೇ ಆಟದ ರೇಡಿಯೊ ಎಕ್ಸ್‌ನಲ್ಲಿ ಅವರ ಬ್ಯಾಂಡ್‌ನ ಹಾಡೂ ಇದೆ.

ಆಟ ಕೈಯಲ್ಲಿದ್ದು ಹೆಸರು ಸಿಗದಿದ್ದರೆ ಶಝಾಮ್ ಬಳಸಿ. ಕೇಳಿಸುತ್ತಿರುವ ಹಾಡನ್ನು ಗುರುತಿಸುವ ಆ್ಯಪ್ ಅದು. ಬಹಳ ಜನ "ಶಝಾಮ್ ಹಿಡಿಯಲ್ಲ" ಅನ್ನುತ್ತಾರೆ. ಎಂಜಿನ್ ಸದ್ದು, ಗುಂಡಿನ ಸದ್ದು, ಜನರ ಕೂಗಾಟ ಎಲ್ಲ ಸೇರಿಕೊಂಡರೆ ಅದಾದರೂ ಏನು ಮಾಡೀತು? ಆಟದ ಆಡಿಯೊ ಸೆಟ್ಟಿಂಗ್‌ನಲ್ಲಿ 'ಸೌಂಡ್ ಎಫೆಕ್ಟ್ಸ್' ಮತ್ತು 'ಡೈಲಾಗ್' ಪೂರ್ತಿ ಇಳಿಸಿ, 'ಮ್ಯೂಸಿಕ್' ಪೂರ್ತಿ ಏರಿಸಿ. ಈಗ ಫೋನನ್ನು ಆಟದ ಸದ್ದು ಬರುವ ಸ್ಪೀಕರ್ ಹತ್ತಿರ ಹಿಡಿಯಿರಿ. ಹತ್ತರಲ್ಲಿ ಒಂಬತ್ತು ಸಲ ಹಿಡಿಯುತ್ತದೆ.

ಆಟವೇ ಇಲ್ಲ, ಬರೀ ರಾಗ ತಲೆಯಲ್ಲಿದೆಯಾ? ಗೂಗಲ್ ಆ್ಯಪ್‌ನ ಮೈಕ್ ಒತ್ತಿ, ಹಾಡು ಹುಡುಕುವ ಆಯ್ಕೆ ತೆಗೆದು, 10-15 ಸೆಕೆಂಡ್ ಗುನುಗಿ. ಗಿಟಾರ್ ಸದ್ದನ್ನು ಬಾಯಲ್ಲಿ ಅನುಕರಿಸಬೇಡಿ. ಹಾಡುಗಾರ ಹಾಡಿದ ರಾಗವನ್ನೇ ಗುನುಗಿ, ಅದರಲ್ಲೂ ಮತ್ತೆ ಮತ್ತೆ ಬರುವ ಪಲ್ಲವಿಯ ಸಾಲು. ಪದಗಳಿಂದ ಹುಡುಕುವುದಾದರೆ ಪೂರ್ತಿ ಸಾಲು ಬರೆಯಬೇಡಿ. ಕಿರುಚಿ ಹಾಡಿದ ಇಂಗ್ಲಿಷ್ ಸಾಲು ಯಾರ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಖಚಿತವಾಗಿ ಕೇಳಿದ ಎರಡು ಮೂರು ಪದ, ಜೊತೆಗೆ ಆಟದ ಹೆಸರು, 'ಸೌಂಡ್‌ಟ್ರ್ಯಾಕ್' ಅನ್ನುವ ಪದ. ಇಷ್ಟು ಸಾಕು.

ಇದ್ಯಾವುದೂ ಆಗದೆ ಬೇರೆಯವರನ್ನು ಕೇಳುವುದಾದರೆ, ಆಟದ ಹೆಸರು, ವರ್ಷ, ಯಾವುದರಲ್ಲಿ ಆಡಿದಿರಿ, ಹಾಡು ಮೆನುವಿನಲ್ಲಿ ಬಂತೋ ಆಡುವಾಗ ಬಂತೋ, ಹಾಡಿದ್ದು ಗಂಡೋ ಹೆಣ್ಣೋ, ಇಷ್ಟನ್ನು ಹೇಳಿ. "ಒಂದು ಸೂಪರ್ ಗಿಟಾರ್ ಬರುತ್ತೆ" ಅಂದರೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ.

3. ಸಿಕ್ಕಿದ್ದು ಅಸಲಿನದಾ ಅಂತ ನೋಡಿ

ಹೆಸರು ಸಿಕ್ಕಿದ ಮೇಲೂ ದಾರಿ ತಪ್ಪುವುದು ಇಲ್ಲೇ. ನಾಲ್ಕು ತರಹ ತಪ್ಪಬಹುದು.

ಮೊದಲನೆಯದು ರೀಮಿಕ್ಸ್. ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2 ಆಡಿದ ಯಾರಿಗೂ 'ರೈಡರ್ಸ್ ಆನ್ ದ ಸ್ಟಾರ್ಮ್' ಮರೆಯುವುದಿಲ್ಲ. ಆದರೆ ಅಲ್ಲಿ ಇರುವುದು ಸ್ನೂಪ್ ಡಾಗ್ ದನಿ ಸೇರಿಸಿ ಮಾಡಿದ ರೀಮಿಕ್ಸ್. ಮೂಲ ಹಾಡು ದ ಡೋರ್ಸ್ ಬ್ಯಾಂಡ್‌ನದು, 1971ರದ್ದು, ಏಳು ನಿಮಿಷಕ್ಕೂ ಉದ್ದ. ಮಳೆಯ ಸದ್ದು, ಗುಡುಗು, ಅದರ ಮೇಲೆ ತಣ್ಣಗೆ ಓಡಾಡುವ ಕೀಬೋರ್ಡ್. ನಿಮಗೆ ಹಿಡಿಸಿದ್ದು ಈ ಕೀಬೋರ್ಡೋ, ರ‍್ಯಾಪ್ ಮತ್ತು ಬೀಟೋ ಅಂತ ಎರಡನ್ನೂ ಕೇಳಿ ತೀರ್ಮಾನಿಸಿ. ಮುಂದಿನ ದಾರಿ ಪೂರ್ತಿ ಬೇರೆಯಾಗುತ್ತದೆ.

ಎರಡನೆಯದು ಕವರ್, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ನುಡಿಸುವುದು. 2005ರ ಮೊದಲ ಗಿಟಾರ್ ಹೀರೋದಲ್ಲಿ ಹೆಚ್ಚಿನ ಹಾಡುಗಳು ಕವರ್‌ಗಳೇ. ಅಸಲಿ ಬ್ಯಾಂಡ್ ಹೆಸರಿನ ಜೊತೆ 'ಆ್ಯಸ್ ಮೇಡ್ ಫೇಮಸ್ ಬೈ' ಅಂತ ಬರೆದಿದ್ದರೆ ನುಡಿಸಿದವರು ಬೇರೆ ಅಂತ ಅರ್ಥ. ಮೂಲ ಹಾಡು ಕೇಳಿದಾಗ ದನಿ ಬೇರೆ ಅನಿಸುವುದು ಅದಕ್ಕೇ.

ಮೂರನೆಯದು ಸ್ಕೋರ್. ಲೈಸೆನ್ಸ್ ಪಡೆದು ಹಾಕಿದ ಹಾಡುಗಳು ಬೇರೆ, ಆ ಆಟಕ್ಕೆಂದೇ ಸಂಗೀತ ನಿರ್ದೇಶಕರು ಮಾಡಿದ ಹಿನ್ನೆಲೆ ಸಂಗೀತ ಬೇರೆ. ಈ ಎರಡನೆಯದೇ ಸ್ಕೋರ್. 2005ರ ಮೋಸ್ಟ್ ವಾಂಟೆಡ್‌ನಲ್ಲಿ ಪೊಲೀಸರು ಅಟ್ಟಿಸಿಕೊಂಡು ಬರುವಾಗ ಬರುವ ಸಂಗೀತ ಯಾವ ಬ್ಯಾಂಡ್‌ನದೂ ಅಲ್ಲ, ಅದು ಪಾಲ್ ಲಿನ್‌ಫೋರ್ಡ್ ಮಾಡಿದ್ದು. ಬ್ಯಾಂಡ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಅವರ ಹೆಸರಿನಲ್ಲೇ ಹುಡುಕಬೇಕು.

ನಾಲ್ಕನೆಯದು ನನಗೆ ತುಂಬ ಇಷ್ಟವಾದದ್ದು: ಆಟದ ಒಳಗೆ ಮಾತ್ರ ಇರುವ ಕಲ್ಪಿತ ಬ್ಯಾಂಡ್‌ಗಳು. ವೈಸ್ ಸಿಟಿಯ ಲವ್ ಫಿಸ್ಟ್ ಅಂಥದ್ದು, ಅದನ್ನು ಹುಡುಕಿ ಹೋದರೆ ಮುಂದೆ ದಾರಿಯಿಲ್ಲ. ಆದರೆ ಕೆಲವು ಕಲ್ಪಿತ ಹೆಸರುಗಳ ಹಿಂದೆ ನಿಜವಾದ, ದೊಡ್ಡ ಬ್ಯಾಂಡ್ ಇರುತ್ತದೆ. ಸೈಬರ್‌ಪಂಕ್ 2077ರಲ್ಲಿ ಬರುವ ಸಮುರಾಯ್ ಹಾಡುಗಳನ್ನು ನುಡಿಸಿದ್ದು ಸ್ವೀಡನ್ನಿನ ರೆಫ್ಯೂಸ್ಡ್. ಅಲನ್ ವೇಕ್ ಆಟದ ಓಲ್ಡ್ ಗಾಡ್ಸ್ ಆಫ್ ಆಸ್ಗಾರ್ಡ್ ಅಂದರೆ ಫಿನ್ಲೆಂಡಿನ ಪೊಯೆಟ್ಸ್ ಆಫ್ ದ ಫಾಲ್.

ಈ ಪೊಯೆಟ್ಸ್ ಆಫ್ ದ ಫಾಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗೇಮ್‌ನಿಂದಲೇ ಲೋಕಕ್ಕೆ ಗೊತ್ತಾದ ಬ್ಯಾಂಡ್ ಅದು. 2003ರ ಮ್ಯಾಕ್ಸ್ ಪೇನ್ 2 ಮುಗಿದು ಹೆಸರುಗಳು ಉರುಳುವಾಗ 'ಲೇಟ್ ಗುಡ್‌ಬೈ' ಅನ್ನುವ ಹಾಡು ಬರುತ್ತದೆ. ಅದರ ಸಾಹಿತ್ಯ ಆಟದ ಕಥೆಗಾರ ಸ್ಯಾಮ್ ಲೇಕ್ ಬರೆದ ಕವಿತೆಯಿಂದ ಬಂದದ್ದು. ಬ್ಯಾಂಡ್‌ನ ಮೊದಲ ಆಲ್ಬಂ 'ಸೈನ್ಸ್ ಆಫ್ ಲೈಫ್' (Signs of Life) ಹೊರಬಂದದ್ದು ಅದರ ನಂತರ, 2005ರಲ್ಲಿ. ಆಟದ ನಡುವೆಯೂ ಆ ಹಾಡು ಅಡಗಿದೆ. ಒಂದು ಕಡೆ ಯಾರೋ ಪಿಯಾನೊದಲ್ಲಿ ಅದೇ ರಾಗ ನುಡಿಸುತ್ತಿರುತ್ತಾರೆ, ಇನ್ನೊಂದು ಕಡೆ ಕಸ ಗುಡಿಸುವವನು ಹೆಡ್‌ಫೋನ್ ಹಾಕಿಕೊಂಡು ಗುನುಗುತ್ತಿರುತ್ತಾನೆ. ಗುಂಡು ಹಾರಿಸುವ ಅವಸರದಲ್ಲಿ ನಮಗೆ ಅದು ಕೇಳಿಸಿರುವುದಿಲ್ಲ. ಈ ಬ್ಯಾಂಡ್‌ಗೆ ಭಾರತದಲ್ಲಿ ತುಂಬ ಅಭಿಮಾನಿಗಳಿದ್ದಾರೆ, ಅವರು ಇಲ್ಲಿಗೆ ಹಲವು ಸಲ ಬಂದು ನುಡಿಸಿದ್ದಾರೆ. ದನಿ ಮೃದು, ರಾಗ ಕಿವಿಯಲ್ಲಿ ನಿಲ್ಲುತ್ತದೆ. ಗದ್ದಲದ ರಾಕ್ ಅಂದರೆ ಹೆದರುವವರು ಇವರಿಂದ ಶುರು ಮಾಡಬಹುದು.

4. ಹಾಡನ್ನು ಆಟದಿಂದ ಬಿಡಿಸಿ ಕೇಳಿ

ಆಟದಲ್ಲಿ ಹಾಡು ಯಾವತ್ತೂ ಪೂರ್ತಿ ಕೇಳಿಸುವುದಿಲ್ಲ. ರೋಡ್ ರ‍್ಯಾಶ್ ಮೆನುವಿನಲ್ಲಿ ಬೈಕ್ ಆರಿಸಿ ಮುಂದಕ್ಕೆ ಒತ್ತಿದರೆ ಹಾಡು ಅಲ್ಲಿಗೇ ಕಟ್. ಜಿಟಿಎಯಲ್ಲಿ ಕಾರಿನಿಂದ ಇಳಿದರೆ ಕಟ್. ಹಾಗಾಗಿ ನಿಮಗೆ ಗೊತ್ತಿರುವುದು ಹಾಡಿನ ಮೊದಲ ಒಂದೂವರೆ ನಿಮಿಷ ಮಾತ್ರ, ಅದೂ ಬೇರೆ ಕೆಲಸ ಮಾಡುತ್ತಾ ಕೇಳಿದ್ದು.

ಒಂದು ಉದಾಹರಣೆ ಹಿಡಿದು ನೋಡೋಣ. ಸೌಂಡ್‌ಗಾರ್ಡನ್‌ನ 'ರಸ್ಟಿ ಕೇಜ್'. ರೋಡ್ ರ‍್ಯಾಶ್‌ನಲ್ಲೂ ಇದೆ, ಸ್ಯಾನ್ ಆ್ಯಂಡ್ರಿಯಾಸ್‌ನ ರೇಡಿಯೊ ಎಕ್ಸ್‌ನಲ್ಲೂ ಇದೆ, ಹಾಗಾಗಿ ಎರಡು ತಲೆಮಾರಿನ ಹುಡುಗರಿಗೆ ಗೊತ್ತು. ಶುರುವಿನಲ್ಲಿ ಒಂಟಿ ಗಿಟಾರ್ ಗಿರಗಿರ ತಿರುಗುವ ಹಾಗೆ ಒಂದು ರಿಫ್ ನುಡಿಸುತ್ತದೆ. ರಿಫ್ ಅಂದರೆ ಹಾಡಿನುದ್ದಕ್ಕೂ ಮರಳಿ ಬರುವ ಚಿಕ್ಕ ಗಿಟಾರ್ ತುಣುಕು. ಡ್ರಮ್ಸ್ ಸೇರಿಕೊಂಡ ಮೇಲೆ ಹಾಡು ಒಂದೇ ಉಸಿರಿಗೆ ಓಡುತ್ತದೆ. ಆಟದಲ್ಲಿ ನಾವು ಕೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಆದರೆ ಕೊನೆಯ ಭಾಗಕ್ಕೆ ಬನ್ನಿ. ಇದ್ದಕ್ಕಿದ್ದಂತೆ ವೇಗ ಬಿದ್ದುಹೋಗುತ್ತದೆ. ಭಾರವಾದ, ನೆಲಕ್ಕೆ ಹತ್ತಿರವಾದ ಇನ್ನೊಂದು ರಿಫ್ ಬರುತ್ತದೆ. ಕಾಲಿನಿಂದ ತಾಳ ಹಾಕಿ ನೋಡಿ, ತಪ್ಪುತ್ತದೆ. ಅಲ್ಲಿ ತಾಳದ ಎಣಿಕೆ ಸಾಮಾನ್ಯ ನಾಲ್ಕರ ಲೆಕ್ಕದ್ದಲ್ಲ. ಅದರ ಮೇಲೆ ಹಾಡುಗಾರ ಕ್ರಿಸ್ ಕಾರ್ನೆಲ್ ದನಿ ಮೇಲಕ್ಕೆ ಏರುತ್ತದೆ. ಸೌಂಡ್‌ಗಾರ್ಡನ್ ಯಾಕೆ ಬೇರೆ ಬ್ಯಾಂಡ್‌ಗಳ ಹಾಗಲ್ಲ ಅನ್ನುವುದು ಆ ಕೊನೆಯ ಭಾಗದಲ್ಲಿದೆ, ಮತ್ತು ಆಟದ ಮೆನುವಿನಲ್ಲಿ ಅಲ್ಲಿಯವರೆಗೆ ಕಾದವರು ಕಡಿಮೆ.

ನಿಮ್ಮ ಹಾಡನ್ನೂ ಹೀಗೇ ಕೇಳಿ. ಮೊದಲ ಸಲ ಬೇರೇನೂ ಮಾಡದೆ, ಫೋನ್ ಮಗುಚಿಟ್ಟು. ಎರಡನೆಯ ಸಲ ಹಾಡುಗಾರನನ್ನು ಬಿಟ್ಟು ಬರೀ ಡ್ರಮ್ಸ್ ಮತ್ತು ಬೇಸ್ ಗಿಟಾರ್ ಹಿಂದೆ ಹೋಗಿ. ಮೂರನೆಯ ಸಲ ಸಾಹಿತ್ಯ ಓದುತ್ತಾ ಕೇಳಿ. ಹೆಚ್ಚಿನ ಆ್ಯಪ್‌ಗಳು ಸಾಹಿತ್ಯವನ್ನು ಪರದೆಯ ಮೇಲೇ ತೋರಿಸುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದ ಕೆಲವರು "ನನಗೆ ಇಂಗ್ಲಿಷ್ ಹಾಡು ಅರ್ಥವಾಗಲ್ಲ, ಇದು ನಮಗಲ್ಲ" ಅಂತ ಹಿಂಜರಿಯುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ತಮಿಳು, ತೆಲುಗು, ಹಿಂದಿ ಹಾಡುಗಳನ್ನು ಅರ್ಧಂಬರ್ಧ ಅರ್ಥದಲ್ಲೇ ನಾವೆಲ್ಲ ಬಾಯಿಪಾಠ ಮಾಡಿಲ್ವಾ? ಈ ಹಾಡುಗಳ ಪದ ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಓದದೆ ಸಿಗುವುದಿಲ್ಲ. ಮೊದಲು ದನಿ ಸಾಕು. ಪದ ಆಮೇಲೆ ಬರುತ್ತದೆ.

ಒಂದು ಪರೀಕ್ಷೆ ಇದೆ. ಒಂದು ವಾರ ಬಿಟ್ಟು, ಆಟದ ನೆನಪೇ ಇಲ್ಲದ ಕಡೆ, ಬಿಎಂಟಿಸಿ ಬಸ್ಸಿನಲ್ಲೋ ಪಾತ್ರೆ ತೊಳೆಯುವಾಗಲೋ ಮತ್ತೆ ಕೇಳಿ. ಇನ್ನೊಂದು ಸಲ ಹಾಕೋಣ ಅನಿಸಿತಾ? ಹಾಗಿದ್ದರೆ ನಿಮಗೆ ಹಾಡೇ ಇಷ್ಟ. ಬರೀ ಆ ಬೇಸಿಗೆ ರಜೆ, ಆ ಗೆಳೆಯರು ನೆನಪಾದರೆ ನಿಮಗೆ ಇಷ್ಟವಾದದ್ದು ಆಟ. ಅದೂ ಒಳ್ಳೆಯದೇ, ಆದರೆ ಆ ಬ್ಯಾಂಡ್‌ನ ಆಲ್ಬಂಗೆ ಹೋಗಿ ನಿರಾಶರಾಗಬೇಡಿ. ಅದೇ ಆಟದ ಪಟ್ಟಿಯಿಂದ ಇನ್ನೊಂದು ಹಾಡು ಆರಿಸಿಕೊಳ್ಳಿ.

ಚಿಕ್ಕವರಿಗೆ ಒಂದು ಮಾತು. ಜಿಟಿಎ ಆಟಗಳು ವಯಸ್ಕರಿಗೆ ಮಾಡಿದವು. ಅದರ ಹಾಡು ಕೇಳಲು ಆಟ ಆಡಬೇಕಾಗಿಲ್ಲ. ಮತ್ತೆ, ಕೆಲವು ಹಾಡುಗಳಲ್ಲಿ ಬೈಗುಳ ಧಾರಾಳವಾಗಿದೆ. ಆ್ಯಪ್‌ನಲ್ಲಿ ಹೆಸರಿನ ಪಕ್ಕ 'ಇ' ಅಂತ ಇಂಗ್ಲಿಷ್ ಅಕ್ಷರದ ಗುರುತಿದ್ದರೆ ಅಜ್ಜಿ ಕೂತಿರುವ ನಡುಮನೆಯಲ್ಲಿ ಸ್ಪೀಕರ್‌ಗೆ ಹಾಕಬೇಡಿ.

5. ಆ ಹಾಡು ಬಂದ ಆಲ್ಬಂ ಪೂರ್ತಿ ಕೇಳಿ

ನನ್ನನ್ನು ಒಂದೇ ಸಲಹೆ ಕೇಳಿದರೆ ಇದನ್ನೇ ಕೊಡುತ್ತೇನೆ. 'ಗ್ರೇಟೆಸ್ಟ್ ಹಿಟ್ಸ್' ಬೇಡ, ಆ್ಯಪ್ ಮಾಡಿಕೊಡುವ 'ಬೆಸ್ಟ್ ಆಫ್' ಪಟ್ಟಿಯೂ ಬೇಡ. ನಿಮ್ಮ ಹಾಡು ಯಾವ ಆಲ್ಬಂನದೋ ಅದನ್ನು ತೆಗೆಯಿರಿ. ಕಾರಣ ಸರಳ. ಅದೇ ಜನ, ಅದೇ ಕಾಲದಲ್ಲಿ, ಅದೇ ಮನಸ್ಥಿತಿಯಲ್ಲಿ ಮಾಡಿದ ಹತ್ತು ಹನ್ನೆರಡು ಹಾಡುಗಳು ಅಲ್ಲಿವೆ. ನಿಮಗೆ ಹಿಡಿಸಿದ್ದರ ಅಣ್ಣತಮ್ಮಂದಿರು ಅಲ್ಲೇ ಇರುತ್ತಾರೆ. ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಇಪ್ಪತ್ತು ವರ್ಷದ ಬೇರೆ ಬೇರೆ ದನಿಗಳು ಒಂದರ ಪಕ್ಕ ಒಂದು ಬಂದು ಗೊಂದಲವಾಗುತ್ತದೆ.

'ರಸ್ಟಿ ಕೇಜ್' ಇರುವುದು 1991ರ 'ಬ್ಯಾಡ್‌ಮೋಟರ್‌ಫಿಂಗರ್' ಆಲ್ಬಂನಲ್ಲಿ, ಅದರ ಮೊದಲ ಹಾಡೇ ಅದು. ಎರಡನೆಯದು 'ಔಟ್‌ಶೈನ್ಡ್', ಅದೂ ರೋಡ್ ರ‍್ಯಾಶ್‌ನಲ್ಲಿದೆ. ಒಟ್ಟು 12 ಹಾಡು, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತುವಾಗ ಶುರು ಮಾಡಿದರೆ ವೈಟ್‌ಫೀಲ್ಡ್ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಸಿಲ್ಕ್ ಬೋರ್ಡ್ ಕಡೆ ಹೋಗುವವರಿಗಂತೂ ಸಮಯದ ಕೊರತೆಯೇ ಇಲ್ಲ.

ಮೊದಲ ಸಲ ಕೇಳಿದಾಗ ಮೂರು ಹಾಡು ಹಿಡಿಸಿದರೆ ಸಾಕು. ಉಳಿದವು ಗೋಜಲು ಅನಿಸಿದರೆ ಬೇಸರ ಬೇಡ, ಹಾರಿಸಲೂ ಬೇಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಮೊದಲಿನಿಂದ ಹಾಕಿ. ಮೊದಲು ಉದ್ದವಾಯಿತು ಅನಿಸಿದ ಹಾಡೇ ಆಮೇಲೆ ಕಾಯುವಂತೆ ಮಾಡುತ್ತದೆ. ಆಲ್ಬಂ ನಿಮ್ಮದಾದ ಮೇಲೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗಿ. ಸೌಂಡ್‌ಗಾರ್ಡನ್ ಆದರೆ ಮುಂದಿನದು 1994ರ 'ಸೂಪರ್‌ಅನ್‌ನೋನ್'. ಅದರಲ್ಲಿ ಗದ್ದಲ ಸ್ವಲ್ಪ ಕಡಿಮೆ, ರಾಗ ಜಾಸ್ತಿ.

ಇಲ್ಲಿ ಕಾಲು ಜಾರುವ ಜಾಗ ಎರಡಿವೆ. ಒಂದು, ಡಿಲಕ್ಸ್ ಆವೃತ್ತಿ. ಆ್ಯಪ್‌ನಲ್ಲಿ ಹಳೆಯ ಆಲ್ಬಂ ಹುಡುಕಿದರೆ ಮೊದಲು ಬರುವುದು ನಲವತ್ತು ಐವತ್ತು ಹಾಡುಗಳ ದೊಡ್ಡ ಮೂಟೆ, ಒಂದೇ ಹಾಡಿನ ನಾಲ್ಕು ಕರಡುಗಳ ಸಮೇತ. ಅದು ಆಗಲೇ ಅಭಿಮಾನಿಯಾದವರಿಗೆ. ಮೂಲ ಆಲ್ಬಂನಲ್ಲಿ ಎಷ್ಟು ಹಾಡಿತ್ತು ಅಂತ ವಿಕಿಪೀಡಿಯಾದಲ್ಲಿ ನೋಡಿ, ಅಲ್ಲಿಗೆ ನಿಲ್ಲಿಸಿ.

ಇನ್ನೊಂದು, ಬ್ಯಾಂಡ್‌ನ ಉಳಿದ ಹಾಡುಗಳಿಗೆ ಹೋಲದ ಒಂಟಿ ಹಾಡು. "ಬೇರೆ ಯಾವ ಹಾಡೂ ಹಿಡಿಸಲಿಲ್ಲ" ಅನ್ನುವವರ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇದೇ. ಫಿಫಾ ರೋಡ್ ಟು ವರ್ಲ್ಡ್ ಕಪ್ 98 ಶುರುವಾದಾಗ 'ವೂ ಹೂ' ಅಂತ ಕೂಗುವ ಹಾಡು ನೆನಪಿದೆಯಲ್ಲ, ಅದು ಬ್ಲರ್ ಬ್ಯಾಂಡ್‌ನ 'ಸಾಂಗ್ 2'. ಎರಡೇ ನಿಮಿಷದ ಹಾಡು. ಅದನ್ನು ನಂಬಿ 1994ರ 'ಪಾರ್ಕ್‌ಲೈಫ್' ಹಾಕಿದರೆ ಬೇರೆಯದೇ ಲೋಕ: ಲಂಡನ್ನಿನ ದಿನನಿತ್ಯದ ಬದುಕು, ನಗೆ, ತೆಳು ಗಿಟಾರ್. ಇಂಥ ಕಡೆ ಬ್ಯಾಂಡ್ ಕೆಟ್ಟದ್ದಲ್ಲ, ನಿಮಗೆ ಬೇಕಾದದ್ದು ಬೇರೆ ಕಡೆ ಇದೆ ಅಷ್ಟೆ. ಮೊದಲು 'ಸಾಂಗ್ 2' ಇರುವ 1997ರ 'ಬ್ಲರ್' ಆಲ್ಬಂ ಕೇಳಿ. ಅದೂ ಹಿಡಿಸದಿದ್ದರೆ ಒತ್ತಾಯ ಬೇಡ.

6. ಬಳ್ಳಿ ಹಿಡಿದು ಹೋಗಿ

ರಾಕ್ ಬ್ಯಾಂಡ್‌ಗಳಲ್ಲಿ ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಿರುತ್ತಾರೆ. ವಿಕಿಪೀಡಿಯಾದಲ್ಲಿ ಬ್ಯಾಂಡ್ ಸದಸ್ಯರ ಪಟ್ಟಿ ತೆಗೆದು ಒಬ್ಬೊಬ್ಬರ ಹಿಂದೆ ಹೋದರೆ ಆ್ಯಪ್ ಕೊಡುವ ಶಿಫಾರಸಿಗಿಂತ ಒಳ್ಳೆಯ ಬ್ಯಾಂಡ್‌ಗಳು ಸಿಗುತ್ತವೆ. ಆ್ಯಪ್ ನಿಮಗೆ ಗೊತ್ತಿರುವುದನ್ನೇ ಸುತ್ತಿ ಸುತ್ತಿ ಕೊಡುತ್ತದೆ.

ಸೌಂಡ್‌ಗಾರ್ಡನ್ ಹಿಡಿದೇ ನೋಡಿ. ಕ್ರಿಸ್ ಕಾರ್ನೆಲ್ 2001ರಲ್ಲಿ ರೇಜ್ ಅಗೇನ್‌ಸ್ಟ್ ದ ಮಷೀನ್‌ನ ಮೂವರ ಜೊತೆ ಸೇರಿ ಆಡಿಯೊಸ್ಲೇವ್ ಕಟ್ಟಿದರು. ಆ ರೇಜ್ ಬ್ಯಾಂಡ್‌ನ 'ಗೆರಿಲ್ಲಾ ರೇಡಿಯೊ' ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2 ಆಟದಲ್ಲಿದೆ, ಅಲ್ಲಿಂದ ಆ ಆಟದ ಬ್ಯಾಡ್ ರಿಲಿಜನ್, ಮಿಲೆನ್‌ಕಾಲಿನ್ ಕಡೆಗೆ ದಾರಿ. ಸೌಂಡ್‌ಗಾರ್ಡನ್‌ನಲ್ಲಿ ಡ್ರಮ್ಸ್ ನುಡಿಸಿದ ಮ್ಯಾಟ್ ಕ್ಯಾಮರಾನ್ 1998ರಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ಸೇರಿದರು. ಪರ್ಲ್ ಜ್ಯಾಮ್‌ನವರೂ ಕಾರ್ನೆಲ್‌ರೂ ಒಟ್ಟಿಗೆ ಮಾಡಿದ 'ಟೆಂಪಲ್ ಆಫ್ ದ ಡಾಗ್' ಅನ್ನುವ 1991ರ ಆಲ್ಬಂ ತೀರಿಹೋದ ಗೆಳೆಯನ ನೆನಪಿಗೆ ಮಾಡಿದ್ದು, ರಾತ್ರಿ ಒಬ್ಬರೇ ಕೂತು ಕೇಳಿ. ಮತ್ತೆ, ಸೌಂಡ್‌ಗಾರ್ಡನ್‌ನ ಆ ಗಿರಗಿರ ರಿಫ್‌ಗಳ ಗಿಟಾರ್ ವಾದಕ ಕಿಮ್ ಥಾಯಿಲ್ ಹುಟ್ಟಿದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಅಪ್ಪ ಅಮ್ಮ ಕೇರಳದವರು. ಎಷ್ಟೋ ವರ್ಷ ರೋಡ್ ರ‍್ಯಾಶ್ ಆಡಿದವರಿಗೆ ಇದು ಗೊತ್ತೇ ಇರುವುದಿಲ್ಲ!

7. ಬೆಂಗಳೂರಿನಲ್ಲಿ ಎದುರು ನಿಂತು ಕೇಳಿ

ರಾಕ್ ಅಂದರೆ ಎದೆಗೆ ಬಡಿಯುವ ಸದ್ದು. ಅದು ಇಯರ್‌ಫೋನ್‌ನಲ್ಲಿ ಸಿಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಊರು ಅದೃಷ್ಟದ್ದು. ವೈಸ್ ಸಿಟಿಯ ವಿ-ರಾಕ್ ಸ್ಟೇಷನ್‌ನಲ್ಲಿರುವ ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿತು. ಅದೇ ಸ್ಟೇಷನ್‌ನ ಮೆಗಾಡೆತ್ 2008ರಲ್ಲಿ, ಸ್ಲೇಯರ್ 2012ರಲ್ಲಿ ಬೆಂಗಳೂರಿಗೆ ಬಂದವು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ, 2012ರ ಡಿಸೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್.

ಎಲ್ಲ ಬ್ಯಾಂಡ್‌ಗಳೂ ಬರುವುದಿಲ್ಲ. ಕಾರ್ನೆಲ್ 2017ರಲ್ಲಿ ತೀರಿಕೊಂಡರು. ನಿಮ್ಮ ಬ್ಯಾಂಡ್ ಈಗ ಇಲ್ಲದಿದ್ದರೆ ಅವರ ಲೈವ್ ರೆಕಾರ್ಡಿಂಗ್‌ಗಳನ್ನು ಹುಡುಕಿ, ಜೊತೆಗೆ ಅದೇ ಬಗೆಯ ಸಂಗೀತ ನುಡಿಸುವ ಇಲ್ಲಿಯವರನ್ನು ಕೇಳಿ. ಐರನ್ ಮೇಡನ್ ಹಿಡಿಸಿದವರಿಗೆ 1998ರಲ್ಲಿ ಶುರುವಾದ ನಮ್ಮೂರಿನ ಕ್ರಿಪ್ಟೋಸ್ ಹಿಡಿಸುತ್ತದೆ. 1996ರಿಂದ ಇರುವ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಹಾಡುಗಳಲ್ಲಿ ಬೆಂಗಳೂರೇ ಇದೆ. ಕನ್ನಡದಲ್ಲೇ ಬೇಕು ಅಂದರೆ ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್. ಈ ಬ್ಯಾಂಡ್‌ಗಳನ್ನು ಸಣ್ಣ ಜಾಗದಲ್ಲಿ, ಗಿಟಾರ್ ತಂತಿ ಮೇಲಿನ ಬೆರಳು ಕಾಣುವಷ್ಟು ಹತ್ತಿರದಿಂದ ನೋಡಬಹುದು. ಕೇಳಿ ಕೇಳಿ ಗಿಟಾರ್ ಕಲಿಯುವ ಆಸೆ ಹುಟ್ಟಿದರೆ ಬಳೇಪೇಟೆಯ ವಾದ್ಯದ ಅಂಗಡಿಗಳಿಗೆ ಒಂದು ಸುತ್ತು ಹಾಕಿ. ಕೈಯಲ್ಲಿ ಹಿಡಿದು ನೋಡದೆ ಮೊದಲ ಗಿಟಾರ್ ತರಿಸಬೇಡಿ.

ಕಾರ್ಯಕ್ರಮಕ್ಕೆ ಹೋಗುವವರಿಗೆ ಕೆಲವು ಮಾತು. ಟಿಕೆಟ್ ಅನ್ನು ಬುಕ್‌ಮೈಶೋ ಅಥವಾ ಡಿಸ್ಟ್ರಿಕ್ಟ್‌ನಂಥ ಆ್ಯಪ್‌ನಲ್ಲೇ ಕೊಳ್ಳಿ. ಕೊನೆ ಗಳಿಗೆಯಲ್ಲಿ ಗುರುತಿಲ್ಲದವರು ಫೋನಿನಲ್ಲಿ ಕಳಿಸುವ ಟಿಕೆಟ್ ಫೋಟೋಗೆ ದುಡ್ಡು ಹಾಕಬೇಡಿ. ಒಂದೇ ಕೋಡ್ ಹತ್ತು ಜನಕ್ಕೆ ಮಾರಿರುತ್ತಾರೆ, ಗೇಟಿನಲ್ಲಿ ಮೊದಲು ಹೋದವನಿಗಷ್ಟೇ ಪ್ರವೇಶ. ಪಬ್‌ಗಳಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ 21 ವರ್ಷ ಆಗಿರಬೇಕು, ಗುರುತಿನ ಚೀಟಿ ಇಟ್ಟುಕೊಳ್ಳಿ. ಕಿವಿಗೆ ಸಿಗಿಸುವ ಮೆತ್ತನೆಯ ಇಯರ್‌ಪ್ಲಗ್ ಮೆಡಿಕಲ್ ಶಾಪ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಸ್ಪೀಕರ್ ಹತ್ತಿರ ನಿಲ್ಲುವವರು ಹಾಕಿಕೊಳ್ಳಲೇಬೇಕು. ಇಯರ್‌ಫೋನ್‌ಗೂ ಮಿತಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಸದ್ದು ಏರಿದಷ್ಟೂ ಗಂಟೆ ಇಳಿಯಬೇಕು. ಎಷ್ಟೋ ಫೋನ್‌ಗಳ ಸೆಟ್ಟಿಂಗ್‌ನಲ್ಲೇ ಸದ್ದಿನ ಮಿತಿ ಹಾಕಿಡಬಹುದು.

ಹೊರಡುವ ಮುಂಚೆ ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆ ಅಂತ ನೋಡಿಟ್ಟುಕೊಳ್ಳಿ, ದೊಡ್ಡ ಕಾರ್ಯಕ್ರಮ ಮುಗಿದಾಗ ಆಟೊ, ಕ್ಯಾಬ್ ಸಿಗುವುದು ಕಷ್ಟ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮುಖ್ಯ ಬ್ಯಾಂಡ್‌ಗೆ ಮೊದಲು ನುಡಿಸುವವರು ಹೆಚ್ಚಾಗಿ ನಮ್ಮ ಊರಿನ ಹುಡುಗ ಹುಡುಗಿಯರೇ. ಅವರು ಹಾಡು ಮುಗಿಸಿ ಬ್ಯಾಂಡ್ ಹೆಸರು ಹೇಳುವಾಗ ಫೋನಿನಲ್ಲಿ ಬರೆದುಕೊಳ್ಳಿ, ಮತ್ತೆ 5ನೇ ಹಂತಕ್ಕೆ ಹೋಗಿ.